ನೂರ ಹದಿಮೂರರ ಕ್ಯಾಥ್ಲೀನ್ ಯಾವ ಊರಿನವರು?

ವಿದೇಶದಲ್ಲಿ ಯಾರಿಗಾದರೂ ದೊಡ್ಡ ಹುದ್ದೆ ಸಿಕ್ಕಿತು ಅಂದುಕೊಳ್ಳಿ. ಮರುದಿನ ಬೆಳಿಗ್ಗೆ ನಮ್ಮ ಟಿವಿಯವರು ಅವರ ಅಜ್ಜನ ಊರಲ್ಲಿ ಹಾಜರು. ಹಂಚಿನ ಮನೆ, ಬೀಗ ಹಾಕಿದ ಬಾಗಿಲು, ಪಕ್ಕದ ಮನೆಯವರ ಬಾಯಿಗೆ ಮೈಕು. 'ಕರಾವಳಿ ಮೂಲದ', 'ಧಾರವಾಡ ಮೂಲದ' ಅಂತ ಕೆಳಗೆ ಸಾಲು ಓಡುತ್ತಿರುತ್ತದೆ. ಶಾಲೆಯ ಹೆಡ್ ಮಾಸ್ಟರು ಸಿಕ್ಕಿಬಿಟ್ಟರಂತೂ ಅರ್ಧ ಗಂಟೆಯ ಕಾರ್ಯಕ್ರಮ ರೆಡಿ. ನಾನೂ ನೋಡುತ್ತೇನೆ. ಖುಷಿಯೂ ಆಗುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಹಿಂದೆಯೇ ಒಂದು ಕಿರಿಕಿರಿ ಶುರುವಾಗುತ್ತದೆ. ಆ ಮನುಷ್ಯ ಊರು ಬಿಟ್ಟ ದಿನ ಇವರೆಲ್ಲ ಎಲ್ಲಿದ್ದರು? ಊರಲ್ಲಿ ಒಂದು ಕೆಲಸ ಸಿಕ್ಕಿದ್ದರೆ ಅವರು ಹೊರಡುತ್ತಿದ್ದರಾ? ಈಗ ಯಾವ ಲೆಕ್ಕದಲ್ಲಿ ಅವರು 'ನಮ್ಮವರು'?

ಈ ಪ್ರಶ್ನೆ ಬಂದಾಗಲೆಲ್ಲ ನನ್ನ ತಲೆಗೆ ಬರುವುದು ಕನ್ನಡದವರು ಯಾರೂ ಅಲ್ಲ. ಕ್ಯಾಥ್ಲೀನ್ ಸ್ನೇವ್ಲಿ ಅಂತ ಒಬ್ಬ ಐರಿಷ್ ಅಜ್ಜಿ. 1902ರ ಫೆಬ್ರವರಿ 16ರಂದು ಐರ್ಲೆಂಡಿನ ಪಶ್ಚಿಮಕ್ಕಿರುವ ಕ್ಲೇರ್ ಕೌಂಟಿಯ ಫೀಕಲ್ ಎಂಬ ಹಳ್ಳಿಯ ಹತ್ತಿರ ಹುಟ್ಟಿದವರು. 2015ರ ಜುಲೈ 6ರಂದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನಲ್ಲಿ ತೀರಿಕೊಂಡರು. 113 ವರ್ಷ, ಮೇಲೆ 140 ದಿನ. ಐರ್ಲೆಂಡಿನಲ್ಲಿ ಹುಟ್ಟಿ ಇಷ್ಟು ವರ್ಷ ಬದುಕಿದವರು ದಾಖಲೆಯಲ್ಲಿ ಅವರಿಗಿಂತ ಮೊದಲು ಯಾರೂ ಇರಲಿಲ್ಲ. ಅವರು ಹೋದಾಗ ಐರಿಷ್ ಪತ್ರಿಕೆಗಳು 'ನಮ್ಮ ಅತಿ ಹಿರಿಯಜ್ಜಿ' ಎಂಬ ಧಾಟಿಯಲ್ಲೇ ಬರೆದವು. ಅವರು ಐರ್ಲೆಂಡಿನಲ್ಲಿ ಇದ್ದದ್ದು ಮೊದಲ 19 ವರ್ಷ. ಉಳಿದ 94 ವರ್ಷ ಸಿರಾಕ್ಯೂಸ್ ಮತ್ತು ಅದರ ಸುತ್ತಿನ ಅಮೆರಿಕ.

ನನಗೆ ಇವರ ಮೇಲೆ ಆಸಕ್ತಿ ಹುಟ್ಟಲು ಒಂದು ಸಣ್ಣ ಕಾರಣವಿದೆ. ಓದಲು ಹೋದ ನಾನು ಕೆಲವು ವರ್ಷ ಅದೇ ಸಿರಾಕ್ಯೂಸ್‌ನಲ್ಲಿದ್ದೆ. ಆಗ ಅವರೂ ಅಲ್ಲೇ ಇದ್ದರು. ಒಂದೇ ಊರಿನ ಹಿಮವನ್ನು ನಾವಿಬ್ಬರೂ ಕಿಟಕಿಯಿಂದ ಬೈದಿರಬಹುದು. ನನಗೆ ಅವರ ಹೆಸರು ಗೊತ್ತಾಗಿದ್ದು ಮಾತ್ರ ಸತ್ತ ಸುದ್ದಿ ಓದಿದಾಗ.

ಹಸಿರು ಮೇಲೆ, ಕೆಂಪು ಕೆಳಗೆ

ಸಿರಾಕ್ಯೂಸ್ ಎಂಥ ಊರು ಅಂತ ಮೊದಲು ಹೇಳಬೇಕು. ಉಪ್ಪಿನ ಊರು ಅಂತಲೇ ಅದಕ್ಕೆ ಅಡ್ಡಹೆಸರು. ಒನೊಂಡಾಗ ಕೆರೆಯ ಪಕ್ಕದ ಉಪ್ಪುನೀರಿನ ಬುಗ್ಗೆಗಳಿಂದ ಉಪ್ಪು ತೆಗೆದೇ ಊರು ಬೆಳೆದದ್ದು. 1825ರಲ್ಲಿ ಈರಿ ಕಾಲುವೆ ಪೂರ್ತಿಯಾದಾಗ ಅದು ಊರಿನ ನಡುವೆಯೇ ಹಾದುಹೋಯಿತು. ಆ ಕಾಲುವೆ ತೋಡಿದ ಕೂಲಿಗಳಲ್ಲಿ ಐರಿಷರು ಬಹಳ ಮಂದಿ. ಅವರಲ್ಲಿ ಒಂದಷ್ಟು ಜನ ಊರ ಪಶ್ಚಿಮಕ್ಕಿದ್ದ ದಿಣ್ಣೆಯ ಮೇಲೆ ಮನೆ ಕಟ್ಟಿಕೊಂಡರು. ಇವತ್ತಿಗೂ ಅದರ ಹೆಸರು ಟಿಪ್ಪರೆರಿ ಹಿಲ್. ಊರವರ ಬಾಯಲ್ಲಿ 'ಟಿಪ್ ಹಿಲ್'. ಅಲ್ಲಿನ ಹಳೇ ಪಬ್ ಒಂದಕ್ಕೆ ದೊಡ್ಡ ಬಾಗಿಲಿನ ಪಕ್ಕ ಮೊಣಕಾಲೆತ್ತರದ ಇನ್ನೊಂದು ಬಾಗಿಲಿದೆ, ಐರಿಷ್ ಕತೆಗಳ ಕುಳ್ಳರು ಒಳಗೆ ಬರಲಿ ಅಂತ.

ನಾನು ಬಾಡಿಗೆಗಿದ್ದ ಮನೆಯ ಮಾಲೀಕರು ಐರಿಷ್ ಮೂಲದವರು. ಅವರ ಮುತ್ತಜ್ಜನ ಕಾಲದಲ್ಲಿ ಬಂದ ಕುಟುಂಬ. ಒಂದು ಭಾನುವಾರ, ಹಿಮ ನಿಂತು ಆಕಾಶ ಬಿಳುಚಿಕೊಂಡಿದ್ದ ಮಧ್ಯಾಹ್ನ, 'ಬಾ, ನಮ್ಮ ಊರು ತೋರಿಸ್ತೀನಿ' ಅಂತ ಕಾರಿನಲ್ಲಿ ಕೂರಿಸಿಕೊಂಡು ಟಿಪ್ ಹಿಲ್‌ಗೆ ಕರೆದುಕೊಂಡು ಹೋದರು. ಟಾಂಪ್‌ಕಿನ್ಸ್ ರಸ್ತೆಯೂ ಮಿಲ್ಟನ್ ಅವೆನ್ಯೂವೂ ಕೂಡುವ ಕಡೆ ಕಾರು ನಿಲ್ಲಿಸಿ, ಮೇಲೆ ನೋಡು ಅಂದರು. ನೋಡಿದೆ. ಟ್ರಾಫಿಕ್ ಸಿಗ್ನಲ್. ಅದರಲ್ಲೇನು ಅಂತ ಒಂದು ನಿಮಿಷ ಹೊಳೆಯಲೇ ಇಲ್ಲ. ಆಮೇಲೆ ಕಂಡಿತು. ಹಸಿರು ದೀಪ ಮೇಲಿದೆ, ಕೆಂಪು ಕೆಳಗಿದೆ.

ಕತೆ ಇಷ್ಟು. 1925ರಲ್ಲಿ ಅಲ್ಲಿ ಸಿಗ್ನಲ್ ಹಾಕಿದರು, ಎಲ್ಲ ಕಡೆ ಇರುವ ಹಾಗೆ ಕೆಂಪು ಮೇಲೆ. ಟಿಪ್ ಹಿಲ್‌ನ ಹುಡುಗರಿಗೆ ಸಿಟ್ಟು ಬಂತು. ಬ್ರಿಟಿಷರ ಕೆಂಪು ನಮ್ಮ ಹಸಿರಿನ ತಲೆ ಮೇಲೆ ಕೂತುಕೊಳ್ಳುವುದೇ? ಕಲ್ಲು ಹೊಡೆದು ಒಡೆದರು. ನಗರಸಭೆ ಸರಿಮಾಡಿಸಿತು, ಮತ್ತೆ ಒಡೆದರು. ಈ ಆಟ ಹೀಗೇ ನಡೆದು, ಕೊನೆಗೆ 1928ರಲ್ಲಿ ಅಧಿಕಾರಿಗಳೇ ಸೋತು ಹಸಿರನ್ನು ಮೇಲೆ ಕೂರಿಸಿದರು. ಇವತ್ತಿಗೂ ಹಾಗೇ ಇದೆ. ಎದುರಿನ ಮೂಲೆಯಲ್ಲಿ ಕಲ್ಲು ಹೊಡೆದವರ ನೆನಪಿಗೆ ಒಂದು ಪುಟ್ಟ ಪಾರ್ಕೂ ಇದೆ, ಪ್ರತಿಮೆಯೂ ಇದೆ. ಪೊಲೀಸರಿಗೆ ಸಿಕ್ಕದೆ ಓಡಿದ ಪಡ್ಡೆ ಹುಡುಗರಿಗೆ ಸರ್ಕಾರಿ ಜಾಗದಲ್ಲಿ ಸ್ಮಾರಕ. ಇದು ನನಗೆ ಬಹಳ ಇಷ್ಟವಾಯಿತು.

'ನೀವು ಐರ್ಲೆಂಡಿಗೆ ಎಷ್ಟು ಸಲ ಹೋಗಿದ್ದೀರಿ?' ಅಂತ ಕೇಳಿದೆ. ಅವರು ನಕ್ಕರು. ಒಂದು ಸಲವೂ ಹೋಗಿಲ್ಲ. ಅವರ ಅಪ್ಪನೂ ಹೋಗಿಲ್ಲ. 'ಹೋಗಬೇಕು, ನೋಡೋಣ' ಅಂದರು. ಮಾತು ಅಲ್ಲಿಗೇ ನಿಂತಿತು, ಕಾರು ಮುಂದೆ ಹೋಯಿತು. ಸಿಗ್ನಲ್ ಹಸಿರಾಗಿತ್ತು.

ಆ ಕಲ್ಲು ಹೊಡೆಯುವ ವರ್ಷಗಳಲ್ಲಿ ಕ್ಯಾಥ್ಲೀನ್‌ಗೆ ಇಪ್ಪತ್ತೈದರ ಆಸುಪಾಸು. ಅದೇ ಊರಲ್ಲಿ ಮದುವೆಯಾಗಿ ಸಂಸಾರ ಮಾಡಿಕೊಂಡಿದ್ದರು. ನಿಜವಾಗಿ ಐರ್ಲೆಂಡಿನಿಂದ ಬಂದವರಿಗೆ ಆ ದೀಪ ಹೇಗೆ ಕಂಡಿರಬಹುದು ಅಂತ ಆಗಾಗ ಯೋಚಿಸುತ್ತೇನೆ. ನನ್ನ ಅನುಭವದಲ್ಲಿ ಊರು ಬಿಟ್ಟು ಬಂದವರಿಗಿಂತ ಅವರ ಮೊಮ್ಮಕ್ಕಳಿಗೇ ಊರಿನ ಹುಚ್ಚು ಜಾಸ್ತಿ. ಬಂದವರಿಗೆ ಬಿಟ್ಟುಬಂದದ್ದು ಏನು ಅಂತ ಚೆನ್ನಾಗಿ ಗೊತ್ತಿರುತ್ತದೆ.

ಬಿಟ್ಟುಬಂದದ್ದು

ಆಗ ಅವರ ಹೆಸರು ಕ್ಯಾಥ್ಲೀನ್ ಹೇಯ್ಸ್. ಬಾಲ್ಯದ ಒಂದಷ್ಟು ಕಾಲ ಕಳೆದದ್ದು ಸ್ಕ್ಯಾರಿಫ್‌ನ ವರ್ಕ್‌ಹೌಸಿನಲ್ಲಿ. ವರ್ಕ್‌ಹೌಸ್ ಎಂದರೆ ಗತಿಯಿಲ್ಲದವರಿಗೆ ಸರ್ಕಾರ ಕಟ್ಟಿಸಿದ ದೊಡ್ಡ ಕಲ್ಲಿನ ಕಟ್ಟಡ. 1838ರ ಕಾನೂನಿನ ನಂತರ ಐರ್ಲೆಂಡಿನ ಉದ್ದಗಲಕ್ಕೂ ಎದ್ದವು. ಅದರ ನಿಯಮ ಕೇಳಿದರೆ ಮೈ ಉರಿಯುತ್ತದೆ. ಬಾಗಿಲು ದಾಟಿದ ಕೂಡಲೇ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ಹುಡುಗರು ಬೇರೆ, ಹುಡುಗಿಯರು ಬೇರೆ. ಮೈಮೇಲಿನ ಬಟ್ಟೆ ಬಿಚ್ಚಿಸಿ ಅಲ್ಲಿನ ಬಟ್ಟೆ ಕೊಡುತ್ತಿದ್ದರು. ಒಳಗೆ ಇರುವುದು ಹೊರಗೆ ಇರುವುದಕ್ಕಿಂತ ಸುಖವಾಗಿರಲೇಬಾರದು ಎನ್ನುವುದೇ ಅದರ ಹಿಂದಿನ ಲೆಕ್ಕ. ಸುಖವಾಗಿದ್ದರೆ ಜನ ಬಂದು ಕೂತುಬಿಡುತ್ತಾರಲ್ಲ! ಕ್ಯಾಥ್ಲೀನ್ ಹುಟ್ಟುವ ಹೊತ್ತಿಗೆ ಈ ಬಿಗಿ ಕೊಂಚ ಸಡಿಲಾಗಿ, ಅವು ಬಡವರ ಆಸ್ಪತ್ರೆಗಳೂ ಆಗಿದ್ದವು. ಆದರೆ ಆ ಹೆಸರಿಗೆ ಅಂಟಿದ್ದ ಅವಮಾನ ಹೋಗಿರಲಿಲ್ಲ.

ಕ್ಲೇರ್ ಎಂಬ ಸೀಮೆಯನ್ನು ಅರ್ಥಮಾಡಿಕೊಳ್ಳಲು ಎರಡು ಅಂಕಿ ಸಾಕು. ಆಲೂಗಡ್ಡೆಗೆ ರೋಗ ಬಂದು ಮಹಾ ಬರ ಶುರುವಾಗುವ ಮೊದಲು, 1841ರ ಜನಗಣತಿಯಲ್ಲಿ ಅಲ್ಲಿದ್ದವರು ಸುಮಾರು 2,86,000. 1911ರಲ್ಲಿ ಸುಮಾರು 1,04,000. ಮೂರರಲ್ಲಿ ಎರಡು ಪಾಲು ಜನ ಮಾಯ. ಬರದಲ್ಲಿ ಸತ್ತವರು ಒಂದಷ್ಟು, ಹಡಗು ಹತ್ತಿದವರು ಅದಕ್ಕಿಂತ ಹೆಚ್ಚು. ಬರ ಮುಗಿದ ಮೇಲೂ ಹೋಗುವವರು ನಿಲ್ಲಲಿಲ್ಲ. ಹೊಲ ಒಬ್ಬ ಮಗನಿಗೆ, ವರದಕ್ಷಿಣೆ ಒಬ್ಬ ಮಗಳಿಗೆ, ಉಳಿದವರಿಗೆ ಅಮೆರಿಕದ ಟಿಕೆಟ್ಟು. ಯುರೋಪಿನ ಬೇರೆ ದೇಶಗಳಿಂದ ಹೋದವರಲ್ಲಿ ಗಂಡಸರೇ ಹೆಚ್ಚು. ಐರ್ಲೆಂಡಿನಿಂದ ಮಾತ್ರ ಹುಡುಗಿಯರು ಹುಡುಗರ ಸರಿಸಮ ಹೋದರು, ಮದುವೆಯಾಗದ ಹುಡುಗಿಯರು, ಒಬ್ಬೊಬ್ಬರೇ. ಮೊದಲು ಹೋದ ಅಕ್ಕ ಅಲ್ಲಿನ ಸಾಹುಕಾರರ ಮನೆಯಲ್ಲಿ ಅಡುಗೆ ಕೆಲಸ ಮಾಡಿ ದುಡ್ಡು ಕೂಡಿಟ್ಟು ತಂಗಿಗೆ ಟಿಕೆಟ್ ಕಳಿಸುವುದು. ಆ ತಂಗಿ ಮುಂದಿನವಳಿಗೆ. ಕ್ಯಾಥ್ಲೀನ್ ಹೋಗಿದ್ದೂ ಸಿರಾಕ್ಯೂಸ್‌ನಲ್ಲಿ ಮೊದಲೇ ನೆಲೆಸಿದ್ದ ಬಂಧುಗಳ ಬಳಿಗೆ.

ಹೊರಡುವ ಹಿಂದಿನ ರಾತ್ರಿ ಮನೆಯಲ್ಲಿ ಒಂದು ಕೂಟ ನಡೆಯುತ್ತಿತ್ತು. ಅದಕ್ಕೆ 'ಅಮೆರಿಕನ್ ವೇಕ್' ಅನ್ನುತ್ತಿದ್ದರು. ವೇಕ್ ಎಂದರೆ ಹೆಣ ಕಾಯುವ ರಾತ್ರಿ. ಸತ್ತವರ ಪಕ್ಕದಲ್ಲಿ ಊರೆಲ್ಲ ಕೂತು ಬೆಳಗು ಮಾಡುವುದು ಐರಿಷರ ಪದ್ಧತಿ. ಅಮೆರಿಕಕ್ಕೆ ಹೊರಟವರಿಗೂ ಅದೇ ಮರ್ಯಾದೆ. ನೆರೆಯವರು ಬರುತ್ತಾರೆ, ಪಿಟೀಲು ನುಡಿಸುತ್ತಾರೆ, ಕುಣಿಯುತ್ತಾರೆ, ಕುಡಿಯುತ್ತಾರೆ, ಬೆಳಗಿನ ಜಾವಕ್ಕೆ ಯಾರೋ ಒಬ್ಬ ಮುದುಕಿ ಅಳು ಎತ್ತುತ್ತಾಳೆ. ಹೋಗುವವಳು ಅಲ್ಲೇ ನಿಂತು ತನ್ನ ಸಾವಿನ ರಾತ್ರಿ ನೋಡಬೇಕು. ಬೆಳಕು ಹರಿದ ಮೇಲೆ ಗೆಳತಿಯರು ಒಂದಷ್ಟು ದೂರ ಜೊತೆಗೆ ನಡೆದು ಬಂದು ತಿರುವಿನಲ್ಲಿ ನಿಲ್ಲುತ್ತಾರೆ. ಅಪ್ಪ ಅಮ್ಮನಿಗೂ ಗೊತ್ತು, ಮಗಳಿಗೂ ಗೊತ್ತು, ಇನ್ನು ಮುಖ ನೋಡುವುದಿಲ್ಲ ಅಂತ.

ಕ್ಯಾಥ್ಲೀನ್ ಹೊರಟದ್ದು 1921ರಲ್ಲಿ. ಆ ವರ್ಷ ಕ್ಲೇರ್‌ನಲ್ಲಿ ಬದುಕುವುದೇ ಕಷ್ಟವಾಗಿತ್ತು. ಬ್ರಿಟಿಷರ ವಿರುದ್ಧ ಸ್ವಾತಂತ್ರ್ಯ ಯುದ್ಧ ನಡೆಯುತ್ತಿತ್ತು, ಅದರಲ್ಲೂ ಕ್ಲೇರ್‌ನ ಪೂರ್ವ ಭಾಗ ಕುದಿಯುತ್ತಿತ್ತು. 1920ರ ನವೆಂಬರ್ 16ರ ರಾತ್ರಿ ಕಿಲಲೂ ಎಂಬಲ್ಲಿ ಶ್ಯಾನನ್ ನದಿಯ ಸೇತುವೆ ಮೇಲೆ ನಾಲ್ವರನ್ನು ಹಿಡಿದು ಗುಂಡಿಟ್ಟು ಕೊಂದರು. ಊರವರು ಇವತ್ತಿಗೂ ಅವರನ್ನು ಸ್ಕ್ಯಾರಿಫ್ ಹುತಾತ್ಮರು ಅಂತ ಕರೆಯುತ್ತಾರೆ. ಫೀಕಲ್‌ನಿಂದ ಸ್ಕ್ಯಾರಿಫ್ ದೂರವೇನಿಲ್ಲ. 1921ರ ಜುಲೈ 11ಕ್ಕೆ ಕದನ ವಿರಾಮ, ಡಿಸೆಂಬರ್ 6ಕ್ಕೆ ಒಪ್ಪಂದ. ಐರಿಷ್ ಫ್ರೀ ಸ್ಟೇಟ್ ಹುಟ್ಟಿದ್ದು 1922ರ ಡಿಸೆಂಬರಿನಲ್ಲಿ. ಅಂದರೆ ಕ್ಯಾಥ್ಲೀನ್ ಹುಟ್ಟಿದಾಗ ಐರ್ಲೆಂಡ್ ಎಂಬ ಸ್ವತಂತ್ರ ದೇಶ ಇರಲಿಲ್ಲ. ಅವರು ಬಿಟ್ಟು ಹೊರಟಾಗಲೂ ಇರಲಿಲ್ಲ. ಮುಂದೆ ಅವರನ್ನು 'ನಮ್ಮವರು' ಎಂದ ದೇಶದ ಮಣ್ಣಿನಲ್ಲಿ ಅವರು ಪ್ರಜೆಯಾಗಿ ಒಂದು ದಿನವೂ ಇದ್ದವರಲ್ಲ.

ಹಾಲಿನ ವ್ಯಾಪಾರ

1924ರಲ್ಲಿ ಕ್ಯಾಥ್ಲೀನ್ ರಾಕ್ಸಿ ರಾಲಿನ್ಸ್ ಎಂಬುವವರನ್ನು ಮದುವೆಯಾದರು. 1933ರಲ್ಲಿ ಗಂಡ ಹೆಂಡತಿ ಸೇರಿ ಸಿರಾಕ್ಯೂಸ್‌ನಲ್ಲಿ ಸೆನೆಕಾ ಡೈರಿ ಶುರುಮಾಡಿದರು. ಅವರ ಬಗ್ಗೆ ಬರೆದವರೆಲ್ಲ ಇದನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ: 'ಆರ್ಥಿಕ ಕುಸಿತದ ಕಾಲದಲ್ಲಿ ಡೈರಿ ಆರಂಭಿಸಿದರು.' ನನ್ನ ಪ್ರಕಾರ ಅವರ ಇಡೀ ಬದುಕಿನ ಅತಿ ಕುತೂಹಲದ ಘಟ್ಟ ಇದೇ. ಯಾಕೆಂದರೆ ನ್ಯೂಯಾರ್ಕ್ ರಾಜ್ಯದಲ್ಲಿ ಹಾಲಿನ ವ್ಯಾಪಾರಕ್ಕೆ ಇಳಿಯಲು 1933ಕ್ಕಿಂತ ಕೆಟ್ಟ ವರ್ಷ ಹುಡುಕಿದರೂ ಸಿಗುತ್ತಿರಲಿಲ್ಲ.

ಹಾಲಿನ ದರ ಎರಡು ರೂಪಾಯಿ ಏರಿದರೆ ನಮ್ಮಲ್ಲಿ ಸರ್ಕಾರವೇ ಅಲ್ಲಾಡುತ್ತದೆ, ಅಲ್ವಾ? ಅಲ್ಲಿ ಆಗ ದರ ಏರುವುದಿರಲಿ, ಪಾತಾಳಕ್ಕೆ ಬಿದ್ದಿತ್ತು. ಹಸು ಸಾಕಿದ ರೈತನಿಗೆ ಮೇವಿನ ಖರ್ಚೂ ಹುಟ್ಟುತ್ತಿರಲಿಲ್ಲ. ಪೇಟೆಯಲ್ಲಿ ಡೈರಿಯವರು, ಅಂಗಡಿಯವರು ಒಬ್ಬರನ್ನೊಬ್ಬರು ಮೀರಿಸಿ ದರ ಇಳಿಸುತ್ತಿದ್ದರು. ಆ ಇಳಿತವೆಲ್ಲ ಕೊನೆಗೆ ಬಂದು ಕೂರುವುದು ರೈತನ ತಲೆ ಮೇಲೆ. 1933ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಕಾನೂನು ಮಾಡಿ ಹಾಲು ನಿಯಂತ್ರಣ ಮಂಡಳಿ ರಚಿಸಿತು. ಅಂಗಡಿಯಲ್ಲಿ ಒಂದು ಕ್ವಾರ್ಟ್ ಹಾಲಿಗೆ, ಅಂದರೆ ಲೀಟರಿಗೆ ಸ್ವಲ್ಪ ಕಡಿಮೆಗೆ, 9 ಸೆಂಟ್‌ಗಿಂತ ಕೆಳಗೆ ಮಾರಬಾರದು ಎಂದು ಮಂಡಳಿ ಕಟ್ಟುಮಾಡಿತು. ಅದೇ ವರ್ಷ ಆಗಸ್ಟ್‌ನಲ್ಲಿ ರೈತರು ಮುಷ್ಕರ ಹೂಡಿ, ಲಾರಿಗಳನ್ನು ಅಡ್ಡಗಟ್ಟಿ ರಸ್ತೆಗೆ ಹಾಲು ಚೆಲ್ಲಿದರು.

ಸಿರಾಕ್ಯೂಸ್‌ನಿಂದ ಒಂದೂವರೆ ಗಂಟೆ ದಾರಿಯ ರಾಚೆಸ್ಟರ್‌ನಲ್ಲಿ ಲಿಯೋ ನೆಬಿಯಾ ಎಂಬ ಕಿರಾಣಿ ಅಂಗಡಿಯವನಿದ್ದ. ಈತ ಎರಡು ಕ್ವಾರ್ಟ್ ಹಾಲನ್ನೂ 5 ಸೆಂಟಿನ ಒಂದು ಬ್ರೆಡ್ಡನ್ನೂ ಸೇರಿಸಿ 18 ಸೆಂಟಿಗೆ ಕೊಟ್ಟ. ಹಾಲಿನ ದರ ಸರಿಯಾಗಿಯೇ ಇದೆ, ಬ್ರೆಡ್ ಮಾತ್ರ ಪುಕ್ಕಟೆ. ನಮ್ಮ ಅಂಗಡಿಯವರಿಗೆ ಈ ಉಪಾಯ ಹೊಸದೇನಲ್ಲ. ಅಲ್ಲಿನವರು ಬಿಡಲಿಲ್ಲ, ಕೇಸು ಹಾಕಿದರು. ಅದು ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1934ರಲ್ಲಿ ಐದು ನ್ಯಾಯಾಧೀಶರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ ನಿಂತು, ಹಾಲಿಗೆ ದರ ಕಟ್ಟುವ ಅಧಿಕಾರ ರಾಜ್ಯಕ್ಕಿದೆ ಎಂದು ತೀರ್ಪಾಯಿತು. ಅಮೆರಿಕದಲ್ಲಿ ಕಾನೂನು ಓದುವ ಮಕ್ಕಳು ಇವತ್ತಿಗೂ ಆ ಬ್ರೆಡ್ಡಿನ ಕೇಸು ಓದುತ್ತಾರೆ.

ಈ ಗಲಾಟೆಯ ನಡುವೆ ಕ್ಲೇರ್‌ನ ವರ್ಕ್‌ಹೌಸ್ ಕಂಡು ಬಂದ ಒಬ್ಬ ಹೆಂಗಸು ಗಂಡನ ಜೊತೆ ಹಾಲಿನ ವ್ಯಾಪಾರಕ್ಕೆ ಕೈಹಾಕಿದರು. ಆಗ ಎಲ್ಲರ ಮನೆಯಲ್ಲೂ ಫ್ರಿಜ್ ಇರಲಿಲ್ಲ, ಐಸ್ ಇಟ್ಟ ಪೆಟ್ಟಿಗೆ. ಹಾಲು ದಿನಾ ಬರಲೇಬೇಕು. ಬೆಳಕಾಗುವ ಮೊದಲು ಗಾಜಿನ ಬಾಟಲಿ ಬಾಗಿಲ ಮೆಟ್ಟಿಲ ಮೇಲಿರಬೇಕು, ನಿನ್ನೆಯ ಖಾಲಿ ಬಾಟಲಿ ವಾಪಸು ಹೋಗಬೇಕು, ತೊಳೆಯಬೇಕು, ಮತ್ತೆ ತುಂಬಬೇಕು. ಸಿರಾಕ್ಯೂಸ್ ಅಮೆರಿಕದ ದೊಡ್ಡ ಊರುಗಳಲ್ಲೇ ಅತಿ ಹೆಚ್ಚು ಹಿಮ ಬೀಳುವ ಊರುಗಳಲ್ಲಿ ಒಂದು. ಒಂಟೇರಿಯೊ ಸರೋವರದ ಮೇಲಿಂದ ಗಾಳಿ ಬಂತೆಂದರೆ ರಾತ್ರಿ ಬೆಳಗಾಗುವುದರಲ್ಲಿ ಕಾರು ಕಾಣೆ. ಜನವರಿಯಲ್ಲಿ ಅಲ್ಲಿ ಬೆಳಿಗ್ಗೆ ಎದ್ದು ಬಾಗಿಲು ತೆರೆಯುವುದಕ್ಕೇ ನನಗೆ ಧೈರ್ಯ ಬೇಕಾಗುತ್ತಿತ್ತು. ಆ ಚಳಿಯಲ್ಲಿ ಹಾಲು ಹಾಕಿಸುವ ಉಸ್ತುವಾರಿ ಹೊತ್ತವರ ಗಟ್ಟಿತನ ಎಂಥದ್ದಿರಬೇಕು!

ಡೈರಿ ಮುಳುಗಲಿಲ್ಲ, ಬೆಳೆಯಿತು. 1968ರಲ್ಲಿ ರಾಕ್ಸಿ ತೀರಿಕೊಂಡರು. ಆಮೇಲೆ ಕ್ಯಾಥ್ಲೀನ್ ಜೆಸ್ಸಿ ಸ್ನೇವ್ಲಿ ಎಂಬುವವರನ್ನು ಮದುವೆಯಾದರು. 1988ರಲ್ಲಿ ಅವರೂ ಹೋದರು. ಆಗ ಕ್ಯಾಥ್ಲೀನ್‌ಗೆ 86. ಎಲ್ಲರೂ ಇನ್ನೇನು ಮುಗಿಯಿತು ಅಂದುಕೊಳ್ಳುವ ವಯಸ್ಸು. ಮುಂದೆ ಇನ್ನೂ 27 ವರ್ಷ ಬಾಕಿ ಇತ್ತು.

ತೊಟ್ಟಿಲಿನ ಸಾಕ್ಷಿ

ನೂರು ದಾಟಿದವರನ್ನು ನಾವು ಕೇಳುವುದು ಒಂದೇ ಪ್ರಶ್ನೆ. ಗುಟ್ಟೇನು? ಏನು ತಿಂತೀರಿ? ರಾಗಿಮುದ್ದೆಯಾ, ಗಂಜಿಯಾ? ಐರಿಷರಾದರೆ ವಿಸ್ಕಿಯಾ? ಈ ಪ್ರಶ್ನೆ ನನಗೆ ಬೇಜಾರು ತರಿಸುತ್ತದೆ. ಅದು ಅವರ ಬಗ್ಗೆ ಕೇಳುವ ಪ್ರಶ್ನೆಯೇ ಅಲ್ಲ, ನಮ್ಮ ಬಗ್ಗೆ ಕೇಳಿಕೊಳ್ಳುವುದು. ಫೀಕಲ್‌ನಲ್ಲಿ 19ನೇ ಶತಮಾನದಲ್ಲಿ ಬಿಡಿ ಅರ್ಲಿ ಅಂತ ಒಬ್ಬ ನಾಟಿ ವೈದ್ಯೆ ಇದ್ದಳು. ಅವಳ ಹತ್ತಿರ ಒಂದು ಮಾಯದ ಬಾಟಲಿ ಇತ್ತು, ಅದರೊಳಗೆ ನೋಡಿ ಮುಂದಾಗುವುದನ್ನು ಹೇಳುತ್ತಿದ್ದಳು, ಅವಳು ಸತ್ತ ಮೇಲೆ ಪಾದ್ರಿ ಅದನ್ನು ಕೆರೆಗೆ ಎಸೆದ ಅಂತ ಕತೆ. ಈಗಲೂ ಆ ಕೆರೆಯಲ್ಲಿ ಹುಡುಕುವವರಿದ್ದಾರಂತೆ. ದೀರ್ಘಾಯುಷ್ಯದ ಗುಟ್ಟು ಕೇಳುವವರು ಸೀದಾ ಅಲ್ಲಿಗೇ ಹೋಗಲಿ.

ಗುಟ್ಟಿಗಿಂತ ನನಗೆ ಸೋಜಿಗದ್ದು ಪುರಾವೆ. ಇಷ್ಟು ವಯಸ್ಸು ಅಂತ ನಂಬುವುದು ಹೇಗೆ? ಐರ್ಲೆಂಡಿನಲ್ಲಿ ಜನನ ನೋಂದಣಿ ಶುರುವಾದದ್ದು 1864ರಲ್ಲಿ. 1909ರ ಜನವರಿಯಿಂದ 70 ದಾಟಿದವರಿಗೆ ವೃದ್ಧಾಪ್ಯ ಪಿಂಚಣಿ ಬಂತು. ಆಗ 70 ಆದವರು ಹುಟ್ಟಿದ್ದು 1839ಕ್ಕೂ ಮೊದಲು, ಕಾಗದ ಎಲ್ಲಿಂದ ಬರಬೇಕು? ಅಧಿಕಾರಿಗಳು ಒಂದು ದಾರಿ ಹಿಡಿದರು. 1839ರ ಜನವರಿ 6ರ ರಾತ್ರಿ ಐರ್ಲೆಂಡಿಗೆ ಭೀಕರ ಬಿರುಗಾಳಿ ಹೊಡೆದಿತ್ತು. 'ದೊಡ್ಡ ಗಾಳಿಯ ರಾತ್ರಿ' ಅಂತಲೇ ಅದು ಜನರ ಬಾಯಲ್ಲಿ ಉಳಿದಿತ್ತು. ಅದು ನಿಮಗೆ ನೆನಪಿದೆಯೇ ಅಂತ ಕೇಳುವುದು. ಇದ್ದರೆ ಪಿಂಚಣಿ. ಮುದುಕರು ಸರತಿಯಲ್ಲಿ ಬಂದು ಒಂದೇ ಮಾತು ಹೇಳತೊಡಗಿದರು: ದೊಡ್ಡ ಗಾಳಿಯ ರಾತ್ರಿ ನಾನು ಕೈಯಲ್ಲಿ ಆಲೂಗಡ್ಡೆ ಹಿಡಿದು ತಿನ್ನುತ್ತಿದ್ದೆ. ಅಂದರೆ ತಾನಾಗಿ ತಿನ್ನುವಷ್ಟು ದೊಡ್ಡವನಾಗಿದ್ದೆ ಅಂತ ಅರ್ಥ. ಇಡೀ ಐರ್ಲೆಂಡಿಗೆ ಆ ರಾತ್ರಿ ಒಟ್ಟಿಗೇ ಹಸಿವಾಗಿತ್ತು ಅಂತ ಕಾಣುತ್ತದೆ. ಪಿಂಚಣಿ ಪಡೆದವರ ಸಂಖ್ಯೆ ಸರ್ಕಾರದ ಅಂದಾಜನ್ನು ಎಲ್ಲೋ ದಾಟಿತು.

ಇದನ್ನು ಓದಿದಾಗ ನಾನು ಜೋರಾಗಿ ನಕ್ಕಿದ್ದೆ, ಯಾಕೆಂದರೆ ನಮ್ಮಜ್ಜಿ ಇದನ್ನೇ ಮಾಡಿದ್ದರು. ಬಂಟ್ವಾಳದವರು ಅವರು. ವೃದ್ಧಾಪ್ಯ ವೇತನದ ಅರ್ಜಿಗೆ ಅಂತ ತಾಲೂಕು ಕಚೇರಿಗೆ ಹೋದಾಗ ನಾನು ಸೆರಗು ಹಿಡಿದು ಜೊತೆಗಿದ್ದೆ. ಮರದ ಬೆಂಚು, ಗೋಡೆಗೆ ಒರಗಿಸಿದ ಕೊಡೆಗಳಿಂದ ನೆಲಕ್ಕೆ ಇಳಿಯುತ್ತಿದ್ದ ನೀರು. 'ವಯಸ್ಸೆಷ್ಟಮ್ಮ?' ಅಂದರು ಗುಮಾಸ್ತರು. 'ಬೊಳ್ಳ ಬರುವಾಗ ನಾನು ತೊಟ್ಟಿಲಲ್ಲಿದ್ದೆ' ಅಂದರು ಅಜ್ಜಿ. ಬೊಳ್ಳ ಅಂದರೆ ತುಳುವಿನಲ್ಲಿ ನೆರೆ. 'ಯಾವ ಬೊಳ್ಳ? ಎಪ್ಪತ್ತನಾಲ್ಕರದ್ದಾ?' ಅಂತ ಅವರು ತಮಾಷೆ ಮಾಡಿದರು. 'ಎಪ್ಪತ್ತನಾಲ್ಕರಲ್ಲಿ ತೊಟ್ಟಿಲಲ್ಲಿದ್ದದ್ದು ಇದರ ಅಣ್ಣ ಮಾರಾಯ' ಅಂತ ಅಜ್ಜಿ ನನ್ನ ತಲೆ ಮೇಲೆ ಕೈಯಿಟ್ಟು ಹೇಳಿದರು. 'ನಂದು ಇಪ್ಪತ್ತಮೂರರದ್ದು. ನೇತ್ರಾವತಿ ಅಂಗಳಕ್ಕೆ ಬಂದಾಗ ತೊಟ್ಟಿಲು ಸಮೇತ ಎತ್ತಿಕೊಂಡು ಗುಡ್ಡೆ ಹತ್ತಿದ್ರಂತೆ.' ಗುಮಾಸ್ತರು ಪೆನ್ನು ಬಾಯಿಗಿಟ್ಟು ಲೆಕ್ಕ ಹಾಕಿ 1923 ಅಂತ ಬರೆದರು. ಅಜ್ಜಿಗೆ ಸಿಕ್ಕಿದ ಮೊದಲ ಹುಟ್ಟಿದ ವರ್ಷ ಅದು. ನಮ್ಮ ಹಿರಿಯರ ತಲೆಮಾರಿನಲ್ಲಿ ಅರ್ಧ ಜನ ಜೂನ್ 1ಕ್ಕೆ ಹುಟ್ಟಿದ್ದು ನಿಮಗೂ ಗೊತ್ತಲ್ಲ. ಶಾಲೆಗೆ ಸೇರಿಸುವಾಗ ಮಾಸ್ತರು ಕೊಟ್ಟ ಪ್ರಸಾದ.

ಅಮೆರಿಕಕ್ಕೆ ಹೋದ ಐರಿಷರಲ್ಲಿ ಇನ್ನೊಬ್ಬ ಪ್ರಸಿದ್ಧ 'ಶತಾಯುಷಿ' ಇದ್ದಾರೆ, ಮದರ್ ಜೋನ್ಸ್. ಗಣಿ ಕಾರ್ಮಿಕರ ನಾಯಕಿ. ಮೆಂಫಿಸ್‌ನಲ್ಲಿ 1867ರ ಹಳದಿ ಜ್ವರಕ್ಕೆ ಗಂಡ ಮತ್ತು ನಾಲ್ಕು ಮಕ್ಕಳನ್ನು ಕಳೆದುಕೊಂಡರು. 1871ರ ಶಿಕಾಗೊ ಬೆಂಕಿಯಲ್ಲಿ ಹೊಲಿಗೆ ಅಂಗಡಿಯೂ ಹೋಯಿತು. ಆಮೇಲೆ ಮಾಲೀಕರ ನಿದ್ದೆ ಕೆಡಿಸುವುದನ್ನೇ ಕೆಲಸ ಮಾಡಿಕೊಂಡರು. 1930ರ ಮೇ 1ರಂದು ನೂರನೇ ಹುಟ್ಟುಹಬ್ಬ ಜೋರಾಗಿ ನಡೆಯಿತು. ಅದೇ ವರ್ಷ ನವೆಂಬರಿನಲ್ಲಿ ತೀರಿಕೊಂಡರು. ಆಮೇಲೆ ಕಾರ್ಕ್ ಊರಿನ ಚರ್ಚಿನ ಪುಸ್ತಕ ತೆಗೆದು ನೋಡಿದರೆ ಅವರ ದೀಕ್ಷಾಸ್ನಾನ 1837ರ ಆಗಸ್ಟ್ 1ರಂದು. ನೂರಕ್ಕೆ ಏಳು ವರ್ಷ ಕಡಿಮೆ. ಮೇ 1 ಅಂದರೆ ಕಾರ್ಮಿಕರ ದಿನ, ಅದನ್ನು ಆರಿಸಿಕೊಂಡದ್ದರಲ್ಲಿ ಅವರ ಜಾಣತನವಿದೆ. ನನಗಂತೂ ಈ ಏಳು ವರ್ಷದ ಮೇಲೆ ತಕರಾರಿಲ್ಲ. ಅವರು ಪಟ್ಟ ಪಾಡಿಗೆ ಬೋನಸ್ ಅಂದುಕೊಳ್ಳೋಣ.

ಕ್ಯಾಥ್ಲೀನ್‌ಗೆ ಗಾಳಿ, ನೆರೆ ಯಾವುದರ ಸಾಕ್ಷಿಯೂ ಬೇಕಾಗಲಿಲ್ಲ. 1902ರ ಹೊತ್ತಿಗೆ ನೋಂದಣಿ ಇತ್ತು. ವಂಶಾವಳಿ ಹುಡುಕುವವರು ಕಾಗದಗಳನ್ನು ತೆಗೆದು ಜೋಡಿಸಿದರು. ಇದರಲ್ಲೊಂದು ಕಹಿ ಇದೆ. ಗತಿಯಿಲ್ಲದವರ ಬದುಕಿನಲ್ಲಿ ಸರ್ಕಾರ ಬರೆದಿಡುವುದು ಹುಟ್ಟು ಮತ್ತು ವರ್ಕ್‌ಹೌಸಿನಂಥ ಕಡೆಯ ಹಾಜರಿ. 113 ವರ್ಷ ಬದುಕಿದವರ ಬಾಲ್ಯವನ್ನು ಕಣ್ಣಾರೆ ಕಂಡವರು ಒಬ್ಬರೂ ಉಳಿದಿರುವುದಿಲ್ಲ. ಆಗ ಆ ಕಾಗದಗಳೇ ಮಾತಾಡಲು ಶುರುಮಾಡುತ್ತವೆ, ಬೇಡದಿದ್ದರೂ.

ಎರಡು ಪಟ್ಟಿ

ಕ್ಯಾಥ್ಲೀನ್ ಮುರಿದದ್ದು ಯಾರ ದಾಖಲೆಯನ್ನು ಎಂಬುದು ಇನ್ನೂ ಸ್ವಾರಸ್ಯ. ಕ್ಯಾಥರೀನ್ ಪ್ಲಂಕೆಟ್ ಎಂಬವರದ್ದು. 1820ರಲ್ಲಿ ಲೌತ್ ಕೌಂಟಿಯಲ್ಲಿ ಹುಟ್ಟಿ 1932ರಲ್ಲಿ, 111 ವರ್ಷ 327 ದಿನ ಬದುಕಿ ತೀರಿಕೊಂಡವರು. ದೊಡ್ಡ ಮನೆತನದ ಹೆಂಗಸು. ಅಜ್ಜ ಐರ್ಲೆಂಡಿನ ಲಾರ್ಡ್ ಚಾನ್ಸಲರ್ ಆಗಿದ್ದವರು. ಯುರೋಪೆಲ್ಲ ತಿರುಗಾಡಿ, ಕಾಡುಹೂಗಳನ್ನು ನೋಡಿ ನೋಡಿ ಚಿತ್ರ ಬರೆದರು. ಆ ಚಿತ್ರಗಳು ಈಗ ಡಬ್ಲಿನ್ನಿನ ಗ್ಲಾಸ್ನೆವಿನ್ ಸಸ್ಯೋದ್ಯಾನದಲ್ಲಿವೆ. ಮಹಾ ಬರ ಬಂದಾಗ ಅವರಿಗೆ 25ರ ಸುಮಾರು. ಲಕ್ಷಾಂತರ ಜನ ಸಾಯುತ್ತಿದ್ದಾಗ, ಹಡಗು ಹತ್ತುತ್ತಿದ್ದಾಗ ಅವರ ಮನೆಯವರು ಎಲ್ಲಿಗೂ ಓಡಿಹೋಗಬೇಕಿರಲಿಲ್ಲ. ಪ್ಲಂಕೆಟ್ ಅವರ ಮೇಲೆ ನನಗೆ ಸಿಟ್ಟೇನಿಲ್ಲ, ಹೂವಿನ ಚಿತ್ರಗಳು ನಿಜಕ್ಕೂ ಚೆನ್ನಾಗಿವೆ. ಆದರೆ ಎಂಥ ಜೋಡಿ ನೋಡಿ. ಒಬ್ಬರದು ದೊಡ್ಡ ಬಂಗಲೆ, ಇನ್ನೊಬ್ಬರದು ವರ್ಕ್‌ಹೌಸು. ಇಬ್ಬರೂ 111 ದಾಟಿದರು.

2014ರ ಜನವರಿಯಲ್ಲಿ ಕ್ಯಾಥ್ಲೀನ್ ಈ ದಾಖಲೆ ದಾಟಿದರು. ಆದರೂ ಪ್ಲಂಕೆಟ್ ಹೆಸರು ಪಟ್ಟಿಯಿಂದ ಹೋಗಲಿಲ್ಲ. ಲೆಕ್ಕ ಇಡುವವರು ಅದನ್ನು ಎರಡು ಮಾಡಿಕೊಂಡಿದ್ದಾರೆ. ಐರ್ಲೆಂಡಿನಲ್ಲಿ ಹುಟ್ಟಿದವರಲ್ಲಿ ಅತಿ ಹೆಚ್ಚು ಬದುಕಿದವರು ಸ್ನೇವ್ಲಿ. ಅಲ್ಲೇ ಹುಟ್ಟಿ ಅಲ್ಲೇ ಸತ್ತವರಲ್ಲಿ ಪ್ಲಂಕೆಟ್. ಉಳಿಯಲು ಅನುಕೂಲ ಇದ್ದವರಿಗೆ ಒಂದು ಪಟ್ಟಿ, ಹೋಗಬೇಕಾಗಿ ಬಂದವರಿಗೆ ಇನ್ನೊಂದು. ಯಾರೂ ಬೇಕಂತ ಮಾಡಿದ್ದಲ್ಲ, ಆದರೆ ಐರ್ಲೆಂಡಿನ ಎರಡು ಶತಮಾನದ ಕತೆ ಅದರಲ್ಲೇ ಬಂದುಬಿಟ್ಟಿದೆ.

ನೂರು ತುಂಬಿದವರಿಗೆ ಐರ್ಲೆಂಡಿನ ಅಧ್ಯಕ್ಷರು ಸಹಿ ಹಾಕಿದ ಅಭಿನಂದನಾ ಪತ್ರ ಹೋಗುತ್ತದೆ, ಜೊತೆಗೆ 2,540 ಯೂರೊ. 101ರಿಂದ ಮುಂದೆ ಪ್ರತಿ ಹುಟ್ಟುಹಬ್ಬಕ್ಕೂ ಪತ್ರದ ಜೊತೆ ಒಂದು ನಾಣ್ಯ. 2006ರಿಂದ ಈ ಗೌರವವನ್ನು ಹೊರದೇಶಗಳಲ್ಲಿರುವ ಐರಿಷ್ ಸಂಜಾತರಿಗೂ ವಿಸ್ತರಿಸಿದರು. ಕ್ಯಾಥ್ಲೀನ್ ಬದುಕಿನ ಕೊನೆಯ ವರ್ಷಗಳಲ್ಲಿ ಅಧ್ಯಕ್ಷರಾಗಿ ಅಂಥ ಪತ್ರಗಳಿಗೆ ಸಹಿ ಹಾಕುತ್ತಿದ್ದವರು ಮೈಕೆಲ್ ಡಿ. ಹಿಗಿನ್ಸ್. ಅವರು ಬೆಳೆದದ್ದೂ ಕ್ಲೇರ್ ಕೌಂಟಿಯಲ್ಲೇ.

ಮೊದಲು ಇದು ನನಗೆ ಟಿವಿಯವರ ಮೈಕಿನ ಹಾಗೆಯೇ ಕಂಡಿತ್ತು. ಹುಡುಗಿಗೆ ಊಟ ಬೇಕಿದ್ದಾಗ ವರ್ಕ್‌ಹೌಸು, ಅಜ್ಜಿಯಾದ ಮೇಲೆ ನಾಣ್ಯವಾ? ಆಮೇಲೆ ಯೋಚಿಸಿದರೆ ಒಂದು ವ್ಯತ್ಯಾಸ ಕಾಣುತ್ತದೆ. ಆ ಪತ್ರ ದಾಖಲೆ ಮಾಡಿದವರಿಗೆ ಬರುವುದಲ್ಲ. ಬಾಸ್ಟನ್ನಿನ ಯಾವುದೋ ಮನೆಯಲ್ಲಿ ಅಡುಗೆ ಮಾಡಿಕೊಂಡೇ ನೂರು ಮುಟ್ಟಿದ ಹೆಂಗಸಿಗೂ ಅದೇ ಪತ್ರ, ಅಷ್ಟೇ ಯೂರೊ. ಗೆದ್ದಿರಾ ಅಂತ ಕೇಳುವುದಿಲ್ಲ, ಎಲ್ಲಿ ಹುಟ್ಟಿದಿರಿ ಅಂತ ಮಾತ್ರ ಕೇಳುತ್ತದೆ. ನಮ್ಮ 'ಮೂಲದ' ಎಂಬ ಪ್ರೀತಿ ಹಾಗಲ್ಲ. ಅದಕ್ಕೆ ಮೊದಲು ಹುದ್ದೆ ಬೇಕು, ಇಲ್ಲ ಪ್ರಶಸ್ತಿ ಬೇಕು. ದುಬೈನಲ್ಲಿ ಮೂವತ್ತು ವರ್ಷ ಡ್ರೈವರಾಗಿದ್ದು ಬಂದ ನಮ್ಮೂರಿನವರ ಅಂಗಳಕ್ಕೆ ಯಾವ ಕ್ಯಾಮೆರಾವೂ ಬಂದದ್ದು ನಾನು ನೋಡಿಲ್ಲ.

ಕ್ಯಾಥ್ಲೀನ್ ಕಡೆಯಿಂದಲೂ ಒಂದು ಲೆಕ್ಕವಿದೆ. 2000ದಲ್ಲಿ, 98ರ ವಯಸ್ಸಿನಲ್ಲಿ, ಅವರು ಹತ್ತು ಲಕ್ಷ ಡಾಲರ್ ದಾನ ಕೊಟ್ಟರು. ಕೊಟ್ಟದ್ದು ಸಿರಾಕ್ಯೂಸ್ ವಿಶ್ವವಿದ್ಯಾಲಯದ ಮ್ಯಾನೇಜ್‌ಮೆಂಟ್ ಶಾಲೆಗೆ, ರಾಕ್ಸಿಯ ನೆನಪಿಗೆ. ವ್ಯಾಪಾರ ಕಲಿಸುವ ಶಾಲೆಗೆ ಹಾಲಿನ ವ್ಯಾಪಾರ ಮಾಡಿದವರ ದುಡ್ಡು. ಇದು ಅವರ ಮನಸ್ಸಿನಲ್ಲಿ ಊರು ಅಂದರೆ ಯಾವುದು ಅಂತ ಹೇಳುತ್ತದೆ ಅಂತ ನಾನು ಓದಿಕೊಳ್ಳುತ್ತೇನೆ. ನನ್ನ ಅಮ್ಮ ಇದನ್ನು ಒಪ್ಪುವುದಿಲ್ಲ. ಈ ಕತೆ ಪೂರ್ತಿ ಹೇಳಿದ ಮೇಲೆ ಅವರು ಕೇಳಿದ್ದು, 'ಅಲ್ಲಾ ಮಗಾ, ಅಷ್ಟು ದುಡ್ಡಿತ್ತಲ್ಲ, ಹುಟ್ಟಿದ ಊರಿಗೆ ಒಂದು ಬಾವಿಯಾದ್ರೂ ತೋಡಿಸಬಾರದಿತ್ತಾ?' ಹುಟ್ಟಿದ ಊರು ಅವರಿಗೆ ಏನು ಕೊಟ್ಟಿತ್ತು ಅಂತ ನಾನು ವಾದಕ್ಕೆ ಇಳಿದೆ. ಅಮ್ಮ ವರ್ಕ್‌ಹೌಸನ್ನೂ ಯುದ್ಧವನ್ನೂ ಒಂದೇ ಕೈಯಲ್ಲಿ ಪಕ್ಕಕ್ಕೆ ಸರಿಸಿದರು. 'ಕೊಟ್ಟಿದೆ, ಬಿಟ್ಟಿದೆ ಅಂತ ಲೆಕ್ಕ ಹಾಕಿದ್ರೆ ಯಾರೂ ಯಾರ ಊರಿನವರೂ ಅಲ್ಲ' ಅಂದರು. ಈ ವಿಷಯದಲ್ಲಿ ನಾವಿಬ್ಬರೂ ಇನ್ನೂ ರಾಜಿಯಾಗಿಲ್ಲ.